ಹೊಗೆಯಾಡುತ್ತಾ ಗುಡ್ಡ ಇಳಿದ ಮನೆ

ಅಮೆರಿಕದ ತಾಮ್ರದ ಗಣಿಗಳ ಊರಾದ ಬ್ಯೂಟ್ ಪಟ್ಟಣಕ್ಕೆ ಬಂದ ಮೊದಲ ವಾರದಲ್ಲೇ ನನಗೆ ಬಕೆಟ್ ಎಂಬ ಅಡ್ಡಹೆಸರು ಬಿತ್ತು. ಪಾದ್ರಿಗಳು ತಲೆಗೆ ನೀರು ಹಾಕಿ ಇಟ್ಟ ಕಾರ್ನೀಲಿಯಸ್ ಶೇ ಎಂಬ ಹೆಸರು ಈಗ ಸಂಬಳ ಕೊಡುವ ಕಿಟಕಿಯಲ್ಲಿ ಮಾತ್ರ ಚಲಾವಣೆಯಲ್ಲಿದೆ. ಉಳಿದ ಕಡೆಯೆಲ್ಲ ಕಾರ್ನೀಲಿಯಸ್ ಮೊಟಕಾಗಿ ಕಾನ್, ಅದಕ್ಕೆ ಅಡ್ಡಹೆಸರು ಸೇರಿ ನಾನು ಬಕೆಟ್ ಕಾನ್. ಇದರಲ್ಲಿ ಬೇರೆ ಯಾರನ್ನೂ ದೂರುವಂತಿಲ್ಲ.

ಊರು ಬಿಡುವ ಮುನ್ನ ಐರ್ಲೆಂಡಿನ ಅಲಿಹೀಸಿನ ನಮ್ಮ ಮನೆಯಲ್ಲಿ, ಅಮೆರಿಕಕ್ಕೆ ಹೊರಟವರಿಗೆಲ್ಲ ಮಾಡುವಂತೆ, ನನಗೂ ಬದುಕಿರುವಾಗಲೇ ಸಾವಿನ ಜಾಗರಣೆ ಮಾಡಿದರು. ಪಿಟೀಲು, ಕುಣಿತ, ನಡುನಡುವೆ ಅಳು. ಅಳುತ್ತಲೇ ಅವ್ವ ಹೇಳಿದಳು: "ಬೇರೆಲ್ಲೂ ಹೋಗ್ಬೇಡ ಮಗ. ಸೀದಾ ಅಬೀನಾ ಲೌನಿ ಮನೆಗೆ ಹೋಗು. ಅವಳ ಒಲೆ ಬೆಂಕಿ ಇಲ್ಲಿಂದ ಹೋದಾಗ್ಲಿಂದ ಆರಿಲ್ಲವಂತೆ." ಆ ಮನೆಯಲ್ಲಿ ಎಷ್ಟು ಹೊತ್ತಿಗೆ ಹೋದರೂ ಬಿಸಿ ಊಟ ಸಿಗುತ್ತದೆ ಎನ್ನುವುದು ಅವ್ವನ ಮಾತಿನ ಅರ್ಥ. ನಾನು ಅರ್ಥಮಾಡಿಕೊಂಡದ್ದು, ಬೆಂಕಿಯೇ ಅಲಿಹೀಸಿನಿಂದ ಹಡಗು ಹತ್ತಿ ಬಂದಿದೆ ಎಂದು.

ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಗಣಿಯ ಕೆಳಗೆ ಮೊದಲ ದಿನ ಊಟಕ್ಕೆ ಕೂತಾಗ ಎದುರಿಗಿದ್ದ ಕಾರ್ನ್‌ವಾಲಿನವರು, ಅಂದರೆ ಗಣಿಯಲ್ಲಿ ನಮ್ಮವರಿಗೆ ಸದಾ ಎದುರಾಳಿಗಳಾದ ಇಂಗ್ಲೆಂಡಿನ ಮಂದಿ, ತಮ್ಮ ಹೆಂಡಂದಿರ ಅಡುಗೆಯನ್ನು ಹೊಗಳಿಕೊಳ್ಳತೊಡಗಿದರು. ಐರ್ಲೆಂಡಿನ ಮಾನ ಕಾಪಾಡುವ ಹೊಣೆ ನನ್ನ ಮೇಲೆಯೇ ಬಿದ್ದಿದೆ ಅನ್ನಿಸಿತು.

"ನಮ್ಮನೆ ಅಡುಗೆ ಆಗೋದು ಐರ್ಲೆಂಡಿಂದ ತಂದ ಬೆಂಕಿ ಮೇಲೆ," ಅಂದೆ.

"ಐರ್ಲೆಂಡಿಂದ? ಯಾವುದ್ರಲ್ಲಿ ತಂದ್ರಪ್ಪ?"

"ಬಕೆಟ್ಟಲ್ಲಿ."

"ಹಡಗಿನ ಕ್ಯಾಪ್ಟನ್ನು ಸುಮ್ನಿದ್ನಾ?"

"ಟಿಕೆಟ್ ತಗೊಂಡಿದ್ರು."

"ಬಕೆಟ್ಟಿಗಾ?"

"ಬೆಂಕಿಗೆ. ಅರ್ಧ ಟಿಕೆಟ್ಟು."

ಆಗ ಎದ್ದ ನಗುವಿಗೆ ಮೇಲಿನ ಮಟ್ಟದಲ್ಲಿದ್ದವರು ಎಲ್ಲೋ ಕಲ್ಲು ಕುಸಿಯಿತೆಂದು ಕೆಲಸ ನಿಲ್ಲಿಸಿದರಂತೆ. ಕಾರ್ನ್‌ವಾಲಿನವರಿಗಿಂತ ನಮ್ಮವರೇ ಹೆಚ್ಚು ನಕ್ಕರು. ನಾನು ಮನೆ ಮುಟ್ಟುವ ಮುನ್ನವೇ ಸುದ್ದಿ ಮುಟ್ಟಿತ್ತು. ಮಿಸೆಸ್ ಲೌನಿ ಮಾತ್ರ ನಗಲಿಲ್ಲ. ತಟ್ಟೆಗೆ ಮಾಂಸದ ಸಾರು ಬಡಿಸುತ್ತಾ, "ಅರ್ಧ ಟಿಕೆಟ್ ಯಾಕೋ? ಅಷ್ಟು ಬಡವಳಾಗಿ ಕಂಡ್ನಾ ನಾನು?" ಅಂದರು.

ಅವರದು ಡಬ್ಲಿನ್ ಗಲ್ಚ್ ಎಂಬ ನಮ್ಮ ಕೇರಿಯ ಮೇಲ್ತುದಿಯಲ್ಲಿದ್ದ ಮರದ ಮನೆ. ಹತ್ತು ಹಾಸಿಗೆ, ಇಪ್ಪತ್ತು ಜನ. ಹಗಲು ಪಾಳಿಯವನು ಏಳುವ ಹೊತ್ತಿಗೆ ರಾತ್ರಿ ಪಾಳಿಯವನು ಬೂಟು ಬಿಚ್ಚುತ್ತಾ ಪಕ್ಕದಲ್ಲಿ ನಿಂತಿರುತ್ತಿದ್ದ. ಹಾಸಿಗೆ ತಣ್ಣಗಾದದ್ದನ್ನು ನಾನು ಆ ಮನೆಯಲ್ಲಿ ನೋಡಿಲ್ಲ. ಒಲೆಯೂ ಹಾಗೆಯೇ. ಮಲಗುವ ಮುನ್ನ ಆಕೆ ಮಂಡಿಯೂರಿ, ಕೆಂಡಗಳ ಮೇಲೆ ಬೂದಿ ಎಳೆದು, ಬ್ರಿಜಿಡ್ ಸಂತಳ ಹೆಸರು ಹೇಳಿ ಮುಚ್ಚುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಬೆಂಕಿ ಕಣ್ಣು ಬಿಡುತ್ತಿತ್ತು. ಊರಿನಲ್ಲಿ ಎಲ್ಲ ತಾಯಂದಿರೂ ಮಾಡುತ್ತಿದ್ದದ್ದು ಇದನ್ನೇ. ಅಲ್ಲಿ ನೆಲದ ಒಲೆ, ಒಣಗಿಸಿ ಉರಿಸುವ ಜೌಗಿನ ಮಣ್ಣಿನ ಹೆಂಟೆ. ಇಲ್ಲಿ ಕಬ್ಬಿಣದ ಒಲೆ, ಕಲ್ಲಿದ್ದಲು. ಅಷ್ಟೇ ವ್ಯತ್ಯಾಸ.

ಹದಿನೇಳನೇ ವಯಸ್ಸಿಗೆ ಹಡಗು ಹತ್ತಿದ ಆಕೆ ಮೊದಲು ಬಾಸ್ಟನ್ನಿನ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕೆ ಸೇರಿದ್ದರು. ಆ ಮನೆಯ ಯಜಮಾನಿಗೆ ಐರ್ಲೆಂಡಿನ ಹುಡುಗಿಯರೆಲ್ಲ ಬ್ರಿಜೆಟ್. ಹಿಂದಿನವಳೂ ಬ್ರಿಜೆಟ್, ಇವರೂ ಬ್ರಿಜೆಟ್. "ನನ್ನ ಹೆಸರು ಅಬೀನಾ, ಅಮ್ಮಾವ್ರೆ" ಎಂದದ್ದಕ್ಕೆ "ಇರಲಿ ಬಿಡು ಬ್ರಿಜೆಟ್" ಎಂದಳಂತೆ. ಮಾರನೆಯ ದಿನದಿಂದ ಇವರು ಯಜಮಾನಿಯನ್ನು ಅವಳ ನಾದಿನಿಯ ಹೆಸರಿನಿಂದ ಕರೆಯತೊಡಗಿದರು. ಆ ಕೆಲಸ ಅಲ್ಲಿಗೆ ಮುಗಿಯಿತು.

ಆಮೇಲೆ ನಮ್ಮ ಕಡೆಯವನೇ ಆದ ಡಿನ್ನಿ ಲೌನಿಯನ್ನು ಮದುವೆಯಾಗಿ, ತಾಮ್ರ ಎಲ್ಲೆಲ್ಲಿ ಸಿಕ್ಕಿತೋ ಅಲ್ಲಲ್ಲಿಗೆ ಅವನ ಹಿಂದೆ ನಡೆದು, ಕೊನೆಗೆ ಬ್ಯೂಟ್‌ಗೆ ಬಂದರು. ಮನೆಯನ್ನು ಡಿನ್ನಿ ತನ್ನ ಕೈಯಾರೆ ಕಟ್ಟಿದ. ಜಾಗ ಕಂಪನಿಯದು, ಮರ ಮೊಳೆ ಇವರದು. ಇಲ್ಲಿ ಎಲ್ಲರ ಮನೆಯೂ ಹಾಗೆಯೇ ನಿಂತಿರುವುದು. ಎರಡನೇ ಚಳಿಗಾಲ ಬರುವ ಮುನ್ನ ಗಣಿಯೊಳಗೆ ಬಂಡೆ ಬಿದ್ದು ಡಿನ್ನಿ ಹೋದ. ಮಣ್ಣು ಮಾಡಿ ಊಟಕ್ಕೆ ಬಂದವರಲ್ಲಿ ಮೂವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. "ತಟ್ಟೆ ತೊಳ್ದು ಇಲ್ಲೇ ಮಲಗಿ" ಎಂದರಂತೆ ಮಿಸೆಸ್ ಲೌನಿ. ಬೋರ್ಡಿಂಗ್ ಮನೆ ಶುರುವಾದದ್ದು ಹಾಗೆ. ಆ ಮೂವರಲ್ಲೊಬ್ಬ ಮರ್ಟಿ ಹ್ಯಾನ್ಲಿ. ಗಣಿಯ ಧೂಳು ಎದೆಗೆ ಹೊಕ್ಕು ಕೆಲಸ ಬಿಟ್ಟ ಮುದುಕ. ಅವನು ಇನ್ನೂ ಹೋಗಿಲ್ಲ.

ಅಲ್ಲಿಂದ ಮುಂದೆ ನಮ್ಮೂರಿರುವ ಬೇರಾ ಎಂಬ ಸೀಮೆಯಿಂದ ಬಂದ ಯಾವ ಹುಡುಗನೂ ಬ್ಯೂಟ್‌ನಲ್ಲಿ ಅನಾಥನಾಗಲಿಲ್ಲ. ರೈಲಿನಿಂದ ಇಳಿದು ವಿಳಾಸ ಕೇಳುವ ಅಗತ್ಯವಿರಲಿಲ್ಲ. ಆಕೆ ಊಟ ಹಾಕಿ, ಗಣಿಯ ಮೇಸ್ತ್ರಿಯ ಮನೆಗೆ ತಾನೇ ಕರೆದುಕೊಂಡು ಹೋಗಿ, "ಇವನು ನಮ್ಮೋನು. ಸ್ವಲ್ಪ ಪೆದ್ದ, ಆದ್ರೆ ಕೈ ಗಟ್ಟಿ" ಎಂದು ಕೆಲಸ ಕೊಡಿಸುತ್ತಿದ್ದರು. ಎಲ್ಲರ ಬಗ್ಗೆಯೂ ಇದೇ ಮಾತು ಹೇಳುತ್ತಾರೆಂದು ನಾನು ನಂಬಿದ್ದೆ. ನನ್ನ ವಿಷಯದಲ್ಲಿ ಮಾತ್ರ ಹಾಗೆ ಹೇಳಿದ್ದರೆಂದು ಆಮೇಲೆ ತಿಳಿಯಿತು.

ಸಾವಿರದ ಎಂಟುನೂರ ತೊಂಬತ್ತೊಂಬತ್ತನೇ ಇಸವಿಯ ವಸಂತದಲ್ಲಿ ಕಂಪನಿಗೆ ಮನೆಯಡಿಯ ಜಾಗ ಬೇಕಾಯಿತು. ಅಲ್ಲಿ ಹೊಸ ಗಣಿಬಾವಿ ತೋಡುತ್ತಾರಂತೆ. ಮೇ ಮೊದಲನೇ ತಾರೀಖು ಸಂಜೆಯೊಳಗೆ ಮನೆ ಎತ್ತಿಕೊಂಡು ಹೋಗಬೇಕು, ಇಲ್ಲದಿದ್ದರೆ ಕೆಡವುತ್ತೇವೆ ಎಂದು ಅವರ ಮನುಷ್ಯ ಬಂದು ಹೇಳಿ ಹೋದ. ಗುಡ್ಡದ ಕೆಳಗೆ ಒಂದು ಖಾಲಿ ಜಾಗ ಸಿಕ್ಕಿತು. ಮನೆಯನ್ನು ಜಾಕ್ ಕೊಟ್ಟು ಎತ್ತಿ, ಕೆಳಗೆ ದಿಮ್ಮಿ ಉರುಳಿಸಿ, ಕುದುರೆ ಕಟ್ಟಿ ಎಳೆಯುವವನು ಊರಿಗೆ ಒಬ್ಬನೇ: ಟ್ರೆಂಬಾತ್. ಅವನು ಕಾರ್ನ್‌ವಾಲಿನವನು. ಅದನ್ನು ನುಂಗಿಕೊಳ್ಳಲು ನಮ್ಮ ಊಟದ ಮೇಜಿಗೆ ಎರಡು ದಿನ ಬೇಕಾಯಿತು.

"ಶನಿವಾರ ಬಿಡುವಿದೆ, ಸೋಮವಾರ ಬಿಡುವಿದೆ. ಯಾವತ್ತು ಬರಲಿ?" ಎಂದು ಅವನು ನನ್ನ ಕೈಲಿ ಕೇಳಿ ಕಳಿಸಿದ. ನಾನು ಊಟದ ಮೇಜಿನ ಮುಂದಿಟ್ಟೆ. ಮಿಸೆಸ್ ಲೌನಿ ಅಂಗಡಿಗೆ ಹೋಗಿದ್ದರು.

"ಶನಿವಾರ ಮನೆ ಬದಲಾಯ್ಸೋದಾ?" ಮರ್ಟಿ ಚಮಚ ಕೆಳಗಿಟ್ಟ. "ಶನಿವಾರ ಹೊಕ್ಕ ಮನೇಲಿ ಯಾವನು ನೆಲೆ ನಿಂತಿದಾನೆ? ಆ ಕಾರ್ನ್‌ವಾಲಿನೋನಿಗೆ ಏನು ಗೊತ್ತು. ಸೋಮವಾರ ಅನ್ನು."

ಇಡೀ ಮೇಜು ಸೋಮವಾರ ಅಂದಿತು. ನಾನೂ ದೊಡ್ಡ ದನಿಯಲ್ಲಿ ಅಂದೆ. ಓಡಿಹೋಗಿ ಟ್ರೆಂಬಾತ್‌ಗೆ ಹೇಳಿ ಬಂದೆ. ದುರದೃಷ್ಟವನ್ನು ಹೀಗೆ ಊಟದ ಮಧ್ಯದಲ್ಲೇ ತಪ್ಪಿಸಿದ ಸಂತೋಷದಲ್ಲಿ ಎಲ್ಲರೂ ಇನ್ನೊಂದು ಆಲೂಗಡ್ಡೆ ಹಾಕಿಸಿಕೊಂಡರು. ಮಿಸೆಸ್ ಲೌನಿ ಬಂದು ಶಾಲು ತೆಗೆಯುತ್ತಾ ಕೇಳಿದರು: "ಸೋಮವಾರ ಎಷ್ಟನೇ ತಾರೀಖು?"

ಯಾರೂ ಅಗಿಯಲಿಲ್ಲ. ಸೋಮವಾರ ಮೇ ಒಂದನೇ ತಾರೀಖು.

ಮೇ ಒಂದರಂದು ಮನೆಯ ಬೆಂಕಿ ಹೊಸಲು ದಾಟಿದರೆ ಇಡೀ ವರ್ಷದ ಅದೃಷ್ಟ ಅದರ ಹಿಂದೆಯೇ ಹೋಗುತ್ತದೆ. ಇದು ನಮ್ಮಲ್ಲಿ ಎದೆಹಾಲು ಕುಡಿಯುವ ಮಗುವಿಗೂ ಗೊತ್ತು. ಆ ದಿನ ಹಾಲು ಕೊಡುವುದಿಲ್ಲ, ಉಪ್ಪು ಕೊಡುವುದಿಲ್ಲ, ಹಚ್ಚಿದ ಪೈಪು ಬಾಯಲ್ಲಿಟ್ಟುಕೊಂಡು ಹೊರಗೆ ಹೋಗಲು ಗಂಡಸರನ್ನೂ ಬಿಡುವುದಿಲ್ಲ. ಟ್ರೆಂಬಾತ್ ಆಗಲೇ ಶನಿವಾರವನ್ನು ಬೇರೆಯವರಿಗೆ ಕೊಟ್ಟಿದ್ದ. ಕಂಪನಿ ಮಂಗಳವಾರದವರೆಗೆ ಕಾಯುವುದಿಲ್ಲ ಅಂದಿತು.

ಮೇಜು ಮತ್ತೆ ಸಭೆ ಸೇರಿತು. ಭಾನುವಾರವೇ ಕೆಂಡ ತೆಗೆದು ಪಕ್ಕದ ಮನೆಯಲ್ಲಿಟ್ಟರೆ? ಸೋಮವಾರ ಅದನ್ನು ವಾಪಸು ಕೊಡುವ ಹುಚ್ಚಿ ಯಾರು? ಹೋಗಲಿ, ಒಂದು ದಿನ ಒಲೆ ಆರಿಸಿ ಮಂಗಳವಾರ ಹಚ್ಚಿದರೆ? ಇದನ್ನು ಕೇಳಿದವನು ನಾನು. ಮಿಸೆಸ್ ಲೌನಿ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದರು, ನನ್ನನ್ನು ನೋಡಿದರು, ಮತ್ತೆ ತಿಕ್ಕತೊಡಗಿದರು. ಮರ್ಟಿ ನನ್ನ ತೋಳು ಹಿಡಿದು ಹೊರಗಿನ ಮೆಟ್ಟಿಲಿಗೆ ಎಳೆದು ತಂದ.

"ನಿಂಗೆ ಗೊತ್ತಿಲ್ದೆ ಅಂದೆ, ಅದಕ್ಕೆ ಬದುಕ್ಕೊಂಡೆ," ಅಂದ. ಕೆಮ್ಮು ನಿಲ್ಲುವವರೆಗೆ ಕಾದು ಮುಂದುವರಿಸಿದ. "ಅಬೀನಾಗೆ ಆಗ ಒಂಬತ್ತು ವರ್ಷ. ಜಮೀನ್ದಾರನ ಕಡೆಯೋರು ಮನೆ ಖಾಲಿ ಮಾಡ್ಸಕ್ಕೆ ಬಂದ್ರು. ನಾವು ಕೇರಿಯೋರೆಲ್ಲ ಗೋಡೆ ಮೇಲೆ ನಿಂತು ನೋಡ್ತಿದ್ವಿ. ಮಂಚ ಆಚೆ ಹಾಕಿದ್ರು, ಅಜ್ಜೀನ ಕುರ್ಚಿ ಸಮೇತ ಎತ್ತಿ ಆಚೆ ಇಟ್ರು. ಅದಕ್ಕೆಲ್ಲ ಅವರವ್ವ ಅಳ್ಲಿಲ್ಲ. ಕೊನೇಲಿ ಒಬ್ಬ ಒಳಗೆ ಹೋಗಿ ಒಲೆಗೆ ಬಕೆಟ್ ನೀರು ಸುರಿದ. ಹಂಗೆ ಸುರಿದ್ರೇ ಕಾನೂನು ಪ್ರಕಾರ ಮನೆ ಅವರದಾಗೋದು. ಬಾಗಿಲಿಂದ ಬೆಳ್ಳಗೆ ಹೊಗೆ ಬಂತು ನೋಡು, ಆಗ ಕೂಗಿದ್ಲು ಆ ಹೆಂಗಸು. ನಂಗೆ ಈಗ್ಲೂ ಕೇಳುತ್ತೆ."

"ಅಬೀನಾ ಏನ್ಮಾಡಿದ್ರು?"

"ಬಕೆಟ್ಟಿನೋನ ಕೈ ಕಚ್ಚಿದ್ಲು. ಬಿಡಿಸಕ್ಕೆ ಇಬ್ರು ಬೇಕಾದ್ರು."

ಉರಿಯುವ ಒಲೆ ಇಟ್ಟುಕೊಂಡು ಮನೆ ಎಳೆಯುವಂತಿಲ್ಲವಾದ್ದರಿಂದ ಈಗ ಕಂಪನಿಯೂ ಅದನ್ನೇ ಕೇಳಿದಂತಾಗಿತ್ತು: ಬೆಂಕಿ ಆರಿಸು, ಜಾಗ ಬಿಡು. ಜಾಗ ಬಿಡಲು ಆಕೆ ಸಿದ್ಧ. ಇನ್ನೊಬ್ಬ ಹೇಳಿದನೆಂದು ಒಲೆಗೆ ನೀರು ಹಾಕಲು ಮಾತ್ರ ಸಿದ್ಧವಿರಲಿಲ್ಲ. ಹಾಕದಿದ್ದರೆ ಡಿನ್ನಿ ಕಟ್ಟಿದ ಮನೆ ಉಳಿಯುವುದಿಲ್ಲ. ಆಮೇಲೆ ಇಪ್ಪತ್ತು ಜನ ಎಲ್ಲಿಗೆ ಹೋಗುವುದು, ಮುಂದಿನ ಹಡಗಿನಲ್ಲಿ ಬರುವ ಹುಡುಗ ಯಾರ ಬಾಗಿಲು ತಟ್ಟುವುದು?

ಸೋಮವಾರ ಬೆಳಿಗ್ಗೆ ಟ್ರೆಂಬಾತ್ ಕುದುರೆಗಳೊಂದಿಗೆ ಬಂದ. ಅವನ ಆಳುಗಳು ಮೊದಲೇ ಮನೆಯನ್ನು ಎತ್ತಿ ದಿಮ್ಮಿಗಳ ಮೇಲೆ ಕೂರಿಸಿದ್ದರು. ಅವನು ಮೊದಲು ನೋಡಿದ್ದು ಹೊಗೆಕೊಳವೆಯನ್ನು. ಅದರಿಂದ ಹೊಗೆ ಬರುತ್ತಿತ್ತು. ಕುದುರೆಗೆ ಇಟ್ಟಿದ್ದ ನೀರಿನ ಬಕೆಟ್ ಎತ್ತಿಕೊಂಡು ಬಾಗಿಲಿಗೆ ಬಂದ. ಮಿಸೆಸ್ ಲೌನಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬೂದಿ ಎಳೆಯುವ ಸಲಿಕೆ. ಅವರ ಮುಖವನ್ನು ನೋಡಿ ನಾನು ಟ್ರೆಂಬಾತನ ಕೈಯ ಬಗ್ಗೆ ಯೋಚಿಸಿದೆ.

"ಬಕೆಟ್ಟು ಅಲ್ಲೇ ಇರಲಿ," ಅಂದರು.

"ನೋಡಿ ಅಮ್ಮಾ, ನಾನೇನು ನಿಮ್ಮೂರಿನ ಜಮೀನ್ದಾರನ ಆಳಲ್ಲ. ಮನೆ ಸಾಗ್ಸೋನು. ಒಳಗೆ ಬೆಂಕಿ ಇಟ್ಕೊಂಡು ಮರದ ಮನೆ ಎಳೀತಾರಾ ಯಾರಾದ್ರೂ?"

"ನೀನು ಈ ಊರಿಗೆ ಹೆಂಗೆ ಬಂದೆ?"

"ರೈಲಲ್ಲಿ."

"ರೈಲಲ್ಲಿ ಬೆಂಕಿ ಇರ್ಲಿಲ್ವಾ?"

"ಅದು ಕಬ್ಬಿಣದ್ದಮ್ಮ."

"ನನ್ನ ಒಲೆ ಏನು ಮೇಣದ್ದಾ?"

ಟ್ರೆಂಬಾತ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಹಿಂದೆ ನಮ್ಮ ಕೇರಿಯ ಗಂಡಸರೆಲ್ಲ ಸೇರಿದ್ದರು. ಹಗ್ಗ ಹಿಡಿಯಲು ಬಂದವರು ಹಗ್ಗವನ್ನು ಬೇರೆ ಯಾವುದಕ್ಕೋ ಬಳಸುವವರಂತೆ ನಿಂತಿದ್ದರು. ಆದರೆ ಅವನು ಹೆದರಿದಂತೆ ಕಾಣಲಿಲ್ಲ. ಅವನ ಪ್ರಶ್ನೆಯಲ್ಲಿ ಸುಳ್ಳಿರಲಿಲ್ಲ.

"ಬೆಂಕಿ ಹತ್ಕೊಂಡ್ರೆ?"

"ಹತ್ಕೊಂಡ್ರೆ ಆಗ ತಗೊಂಡು ಬಾ ಆ ಬಕೆಟ್ಟು. ಬೇಡ ಅನ್ನಲ್ಲ."

"ಒಳಗೆ ಯಾರಿರ್ತಾರೆ?"

"ಯಾರ ಒಲೆ ಅದು?"

ನಾನಿರುತ್ತೇನೆ ಅಂದೆ ನಾನು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಅವರಿಗೆ ಕೇಳಿಸಿಬಿಟ್ಟಿತು. "ನೀನು ಬಂದ್ರೆ ಒಲೆ ನೋಡ್ಕೊಳ್ಳೋದಾ, ನಿನ್ನ ನೋಡ್ಕೊಳ್ಳೋದಾ? ಹೋಗು, ಹಗ್ಗ ಹಿಡಿ." ಇಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಟ್ರೆಂಬಾತ್ ಒಳಗೆ ಹೋಗಿ ಒಲೆಯ ಕಾಲುಗಳನ್ನು ಸರಪಳಿಯಿಂದ ನೆಲದ ತೊಲೆಗೆ ಬಿಗಿದ. ಹೊಗೆಕೊಳವೆಯನ್ನು ಅಲ್ಲಾಡಿಸಿ ನೋಡಿದ. ಹೊರಗೆ ಬಂದು ಬಕೆಟ್ ಕೈಯಲ್ಲೇ ಹಿಡಿದುಕೊಂಡು, "ಎಳೀರಿ," ಅಂದ.

ಹೀಗೆ ಮನೆಯೊಂದು ಹೊಗೆಯಾಡುತ್ತಾ ಗುಡ್ಡ ಇಳಿಯತೊಡಗಿತು. ಮುಂದೆ ಕುದುರೆಗಳು. ಹಿಂದೆ ಹಗ್ಗ ಜಗ್ಗಿ ಹಿಡಿದ ನಮ್ಮ ಕೇರಿಯ ಸಲಿವನ್ನರು, ಹ್ಯಾರಿಂಗ್ಟನ್ನರು ಮತ್ತು ನಾನು. ಮೆಟ್ಟಿಲ ಮೇಲೆ ಕೂತು ಮನೆಯ ಜೊತೆಗೇ ಸಾಗುತ್ತಿದ್ದ ಮರ್ಟಿ. ಅವನ ಪೈಪು ಹತ್ತಿದ್ದರಿಂದ ಇಳಿಯಲು ಅಪ್ಪಣೆಯಿರಲಿಲ್ಲ. ಪಕ್ಕದಲ್ಲಿ ನೀರಿನ ಬಕೆಟ್ ಹಿಡಿದು ಕಿಟಕಿಯಿಂದ ಕಣ್ಣು ತೆಗೆಯದೆ ನಡೆಯುತ್ತಿದ್ದ ಕಾರ್ನ್‌ವಾಲಿನ ಟ್ರೆಂಬಾತ್. ಹೆಂಗಸರು ಬಾಗಿಲಿಗೆ ಬಂದು ಶಿಲುಬೆ ಗುರುತು ಹಾಕಿಕೊಂಡರು. ಬೆಂಕಿ ಮನೆ ಬಿಟ್ಟು ಹೋಗಲಿಲ್ಲವಲ್ಲ, ಮನೆಯೇ ಬೆಂಕಿಯ ಜೊತೆ ಹೋಗುತ್ತಿದೆ, ಇದಕ್ಕೆ ದೋಷವಿದೆಯೋ ಇಲ್ಲವೋ ಎಂದು ದಾರಿಯುದ್ದಕ್ಕೂ ವಾದ ನಡೆಯಿತು. ಬಕೆಟ್ ಎಂಬ ಹೆಸರು ಇಂದಿನಿಂದ ಟ್ರೆಂಬಾತ್‌ಗೆ ಹೋಗಲಿ ಎಂದು ನಾನು ಒಳಗೊಳಗೇ ಪ್ರಾರ್ಥಿಸಿದೆ.

ಕಿಟಕಿಯಲ್ಲಿ ಆಗಾಗ ಆಕೆಯ ಮುಖ ಕಾಣುತ್ತಿತ್ತು. ಒಮ್ಮೆ ಒಬ್ಬಳು ಹೆಂಗಸು ಕೂಗಿದಳು: "ಎಲ್ಲಿಗೆ ಹೊರಟ್ರಿ ಮಿಸೆಸ್ ಲೌನಿ?"

"ಎಲ್ಲಿಗೂ ಇಲ್ಲ. ಮನೇಲೇ ಇದೀನಿ."

ಬೀದಿ ತಿರುಗುವ ಕಡೆ ಇಳಿಜಾರು ಜಾಸ್ತಿ. ಅಲ್ಲಿ ಒಂದು ದಿಮ್ಮಿ ಕಲ್ಲಿಗೆ ಸಿಕ್ಕಿಕೊಂಡಿತು. ಮನೆ ಒಮ್ಮೆ ಮುಂದಕ್ಕೆ ಮುಗ್ಗರಿಸಿ, ಹಿಂದಕ್ಕೆ ಕೂತು, ನಿಂತಿತು. ಹಗ್ಗ ನಮ್ಮ ಅಂಗೈ ಸುಲಿದುಕೊಂಡು ಹೋಯಿತು. ಒಳಗೆ ದೊಡ್ಡದೇನೋ ಬಿದ್ದ ಸದ್ದು. ಟ್ರೆಂಬಾತ್ ಬಕೆಟ್ ಎತ್ತಿಕೊಂಡು ಮೆಟ್ಟಿಲಿಗೆ ಹಾರಿದ.

"ಯಾರೂ ಬರ್ಬೇಡಿ," ಒಳಗಿನಿಂದ ದನಿ ಬಂತು.

ಅವನು ಮರ್ಟಿಯ ಪಕ್ಕದಲ್ಲಿ ನಿಂತುಬಿಟ್ಟ. ಆಗ ಯಾರೋ ಮೇಲೆ ನೋಡಿದರು, ಎಲ್ಲರೂ ನೋಡಿದೆವು. ಹೊಗೆಕೊಳವೆಯಿಂದ ಒಂದು ಬಿಳಿ ಉಂಡೆ ಎದ್ದು ಗಾಳಿಯಲ್ಲಿ ಕರಗಿತು. ಅದರ ಹಿಂದೆ ಏನೂ ಬರಲಿಲ್ಲ. ವಾದ ಮಾಡುತ್ತಿದ್ದವರು ವಾದ ಮರೆತರು. ಮರ್ಟಿ ಬಾಯಿಂದ ಪೈಪು ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡ. ಅವನು ಎಷ್ಟು ವರ್ಷ ಹಿಂದಿನ ಬಾಗಿಲನ್ನು ನೋಡುತ್ತಿದ್ದಾನೆಂದು ನನಗೆ ಮಾತ್ರ ಗೊತ್ತಿತ್ತು. ಟ್ರೆಂಬಾತ್ ಕೈಯಲ್ಲಿದ್ದ ನೀರನ್ನೊಮ್ಮೆ, ಕೊಳವೆಯನ್ನೊಮ್ಮೆ ನೋಡಿದ. ಬೇರೆ ಯಾವನೇ ಕಾರ್ನ್‌ವಾಲಿನವನು ಆ ಹೊತ್ತಿನಲ್ಲಿ ಒಂದು ಚುಚ್ಚುಮಾತು ಆಡದೆ ಇರುತ್ತಿದ್ದನೋ ಇಲ್ಲವೋ. ಇವನು ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟು ಟೋಪಿ ತೆಗೆದ.

ಆಮೇಲೆ ಕೊಳವೆ ಕೆಮ್ಮಿತು. ತೆಳ್ಳಗೆ ಒಂದು ಎಳೆ, ಮತ್ತೊಂದು ಎಳೆ, ಬರಬರುತ್ತಾ ಕರ್ರಗೆ ದಪ್ಪ ಹೊಗೆ. ಕಿಟಕಿ ತೆರೆಯಿತು.

"ಯಾಕೆ ನಿಂತ್ರಿ ಎಲ್ಲಾ? ಆಲೂಗಡ್ಡೆ ಬೇಯ್ತಾ ಇದೆ. ಹಗಲು ಪಾಳಿಯೋರು ಬರೋ ಹೊತ್ತಿಗೆ ನಾನು ಬೀದೀಲಿ ಬಡಿಸ್ಲಾ?"

ಕೇರಿ ಪೂರ್ತಿ ಒಟ್ಟಿಗೆ ಉಸಿರು ಬಿಟ್ಟಿತು. ನಾವು ಮತ್ತೆ ಹಗ್ಗ ಹಿಡಿದೆವು. ಸಂಜೆ ಹಗಲು ಪಾಳಿಯವರು ಗಣಿಯಿಂದ ಮೇಲೆ ಬಂದಾಗ ಮನೆ ಹೊಸ ಜಾಗದಲ್ಲಿ ಸ್ವಲ್ಪ ಎಡಕ್ಕೆ ವಾಲಿಕೊಂಡು ಕೂತಿತ್ತು. ಊಟ ಬಿಸಿಯಾಗಿತ್ತು. ಟ್ರೆಂಬಾತ್‌ಗೂ ತಟ್ಟೆ ಹಾಕಿದ್ದರು. ಅವನು ಮಾಂಸ, ಆಲೂಗಡ್ಡೆ ತುಂಬಿ ಸುಟ್ಟ ಪೇಸ್ಟಿ ಮುರಿದು ಬಾಯಿಗಿಟ್ಟುಕೊಂಡು, "ಇದು ನಮ್ಮೂರಿನ ತಿಂಡಿ ಅಮ್ಮಾ," ಅಂದ.

"ನಿಮ್ಮೂರಲ್ಲಿ ಇಷ್ಟು ಚೆನ್ನಾಗಿ ಮಾಡ್ತಾರಾ?"

ಅವನು ಅಗಿದು ನುಂಗಿ, ಇಲ್ಲ ಅಂದ. ನಮ್ಮ ಮೇಜಿನ ಮುಂದೆ ಕಾರ್ನ್‌ವಾಲಿನವನೊಬ್ಬ ಸತ್ಯ ಹೇಳಿದ್ದನ್ನು ಮರ್ಟಿ ಈಗಲೂ ಬಂದವರಿಗೆಲ್ಲ ಹೇಳುತ್ತಾನೆ. ಬಕೆಟ್ ಎಂಬ ಹೆಸರು ಮಾತ್ರ ನನ್ನಲ್ಲೇ ಉಳಿಯಿತು.

ಈಗ ಹೊಸ ಹುಡುಗರು ಬಂದಾಗ ಅವರಿಗೆ ಈ ಕಥೆ ಹೇಳುವ ಕೆಲಸ ನನ್ನದು. ಕೇರಿಯಲ್ಲಿ ಕಥೆ ನಡೆಯುವುದು ಹೀಗೆ: ಮನೆ ಬೆಟ್ಟ ಇಳಿಯಿತು, ಬೆಂಕಿ ಆರಲಿಲ್ಲ. ಕೊಳವೆ ಸುಮ್ಮನಾದ ಆ ಹೊತ್ತನ್ನು ಯಾರೂ ಹೇಳುವುದಿಲ್ಲ. ಗೊತ್ತಿಲ್ಲದೆ ಅಲ್ಲ. ನಾವೆಲ್ಲ ನಿಂತು ನೋಡಿದ್ದೇವೆ. ನನಗೆ ಮಾತ್ರ, ಅರ್ಧ ಟಿಕೆಟ್ಟಿನ ಅನುಭವದ ನಂತರ, ಬೆಂಕಿಯ ವಿಷಯದಲ್ಲಿ ಖಚಿತವಾಗಿ ತಿಳಿದುಕೊಂಡೇ ಬಾಯಿ ಬಿಡಬೇಕು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವರ ಜೊತೆ ಆಲೂಗಡ್ಡೆ ಹೆರೆಯುತ್ತಾ ಕೂತಿದ್ದೆ. ಮರ್ಟಿ ಒಲೆಯ ಬಳಿ ತೂಕಡಿಸುತ್ತಿದ್ದ.

"ಮಿಸೆಸ್ ಲೌನಿ," ಅಂದೆ, "ಅವತ್ತು ಆ ತಿರುವಲ್ಲಿ... ಬೆಂಕಿ ಆರಿತ್ತಾ?"

ಮರ್ಟಿಯ ತೂಕಡಿಕೆ ನಿಂತಿತು. ಕಣ್ಣು ಮಾತ್ರ ತೆರೆಯಲಿಲ್ಲ. ಆಕೆ ಕೈಯಲ್ಲಿದ್ದ ಆಲೂಗಡ್ಡೆಯನ್ನು ಹೆರೆದು ಮುಗಿಸಿ ನೀರಿಗೆ ಹಾಕಿದರು.

"ಆರಿತ್ತು. ಒಲೆ ಮುಚ್ಚಳ ಹಾರಿ, ಕೆಟಲ್ಲು ಉರುಳಿ ನೀರೆಲ್ಲ ಕೆಂಡದ ಮೇಲೇ ಬಿತ್ತು. ಜೇಬಲ್ಲಿ ಬೆಂಕಿಪೊಟ್ಟಣ ಇತ್ತು, ಗೀರಿ ಹಚ್ದೆ. ನೀರು ಹಾಕಿದ್ದು ನನ್ನ ಕೆಟಲ್ಲು ಕಣೋ, ಕಂಪನಿಯೋರಲ್ಲ. ಸಿಪ್ಪೆ ತೆಳ್ಳಗೆ ತೆಗಿ."